ಮಾಳದ ಅಣ್ಣ ತಂಗಿ: ಬರ, ಹಸಿವು ಮತ್ತು ನಂಬಿಕೆಯ ಒಂದು ಪ್ರಕರಣ

ಚಟ್ಟ ಹೊರಲು ನಾಲ್ಕು ಹೆಗಲು ಬೇಕು. ಲಕ್ಷ್ಮೀಬಾಯಿ ಡೋಂಗ್ರೆ ಪರವೂರಲ್ಲಿ ತೀರಿಕೊಂಡಾಗ ಹತ್ತಿರ ಇದ್ದದ್ದು ಮಗ ಶ್ರೀನಿವಾಸನ ಹೆಗಲು ಮಾತ್ರ. ಊರಿನವರು ಮುಂದೆ ಬರಲಿಲ್ಲ. ಕೊನೆಗೆ ಇಬ್ಬರು ಬ್ರಾಹ್ಮಣರು ಕನಿಕರಪಟ್ಟು ಬಂದರು. ಆಗಲೂ ಒಂದು ಹೆಗಲು ಕಡಿಮೆ. ಹದಿನಾರರ ಆಸುಪಾಸಿನ ಮಗಳು ರಮಾ ನಾಲ್ಕನೆಯವಳಾಗಿ ನಿಂತಳು. ಅವಳದು ಗಿಡ್ಡ ಮೈ. ಉಳಿದ ಮೂವರ ಎತ್ತರಕ್ಕೆ ಅವಳ ಹೆಗಲು ನಿಲುಕಲಿಲ್ಲ. ತಾಯಿಯ ಚಟ್ಟದ ತನ್ನ ಮೂಲೆಯನ್ನು ತಲೆಯ ಮೇಲಿಟ್ಟುಕೊಂಡು ಸುಡುಗಾಡಿನ ತನಕ, ಸುಮಾರು 3 ಮೈಲಿ, ನಡೆದಳು.

ಈ ಹುಡುಗಿಯೇ ಮುಂದೆ ಪಂಡಿತಾ ರಮಾಬಾಯಿ ಆದದ್ದು. ಮೇಲಿನ ಸಂಗತಿಯನ್ನು ಹೇಳಿದವರೂ ಅವರೇ. ನಡುವಯಸ್ಸು ದಾಟಿದ ಮೇಲೆ, ಕ್ರೈಸ್ತಳಾಗಿ ವರ್ಷಗಳೇ ಕಳೆದ ಮೇಲೆ, ತನ್ನ ಬರಗಾಲದ ದಿನಗಳನ್ನು ಅವರು ಬರೆದಿಟ್ಟರು. ಆ ಬರಹವನ್ನು ಮೊದಲ ಸಲ ಓದಿದಾಗ ಈ ಒಂದು ಪುಟ ದಾಟಿ ಮುಂದೆ ಹೋಗಲು ನನಗೆ ಸ್ವಲ್ಪ ಹೊತ್ತೇ ಹಿಡಿಯಿತು.

ನಮ್ಮ ಕ್ರೈಸ್ತ ಸಭೆಗಳಲ್ಲಿ ಅನಾಥ ಮಕ್ಕಳ ಕಥೆ ಹೇಳುವ ಒಂದು ರೂಢಿ ಇದೆ. ಮಕ್ಕಳು ಕಷ್ಟಪಟ್ಟರು, ಪ್ರಾರ್ಥಿಸಿದರು, ಸಹಾಯ ಬಂತು, ದೇವರಿಗೆ ಸ್ತೋತ್ರ. ಡೋಂಗ್ರೆ ಮಕ್ಕಳ ಪ್ರಕರಣವನ್ನು ಆ ಅಚ್ಚಿಗೆ ಹಾಕಲಾಗದು. ಅವರು ಹಸಿದಾಗ ಕ್ರೈಸ್ತರಾಗಿರಲಿಲ್ಲ. ಪ್ರಾರ್ಥಿಸಿದರು, ಉಪವಾಸ ಮಾಡಿದರು, ಆದರೆ ಸಹಾಯ ಬರಲಿಲ್ಲ. ತತ್ವಗಳನ್ನು ಬಿಡದೆ ಹಿಡಿದುಕೊಂಡಿದ್ದರು, ಆದರೆ ಅವರನ್ನು ಹಸಿವಿಗೆ ತಳ್ಳಿದ್ದರಲ್ಲಿ ಆ ತತ್ವಗಳ ಪಾಲೂ ಇತ್ತು. ಅಣ್ಣ ಕ್ರಿಸ್ತನ ಹೆಸರನ್ನು ಸರಿಯಾಗಿ ಅರಿಯುವ ಮೊದಲೇ ತೀರಿಕೊಂಡ. ತಂಗಿಯೊಬ್ಬಳೇ ಆ ನಂಬಿಕೆಗೆ ಬಂದಳು. ಅಲ್ಲಿಗೆ ಬಂದವಳು ಅಣ್ಣನ ಜೊತೆ ಕಳೆದ ಆ ಆರು ವರ್ಷಗಳನ್ನು ಹಿಂದೆ ಬಿಟ್ಟು ಬರಲಿಲ್ಲ. ಮುಂದೆ ಪುಣೆಯ ಹತ್ತಿರದ ಕೆಡಗಾಂವಿನಲ್ಲಿ ನಿರ್ಗತಿಕ ಹೆಣ್ಣುಮಕ್ಕಳಿಗಾಗಿ ರಮಾಬಾಯಿ ಕಟ್ಟಿದ ಒಂದೊಂದು ಕೊಠಡಿಯೂ ಆ ವರ್ಷಗಳ ಒಂದೊಂದು ಕೊರತೆಗೆ ಕೊಟ್ಟ ಉತ್ತರ ಎಂಬುದು ನನ್ನ ಓದು. ಅದಕ್ಕಾಗಿಯೇ ಈ ಪ್ರಕರಣವನ್ನು ಮೊದಲಿಂದ ಹೇಳುತ್ತಿದ್ದೇನೆ.

ಮನೆ

ಕಾರ್ಕಳದಿಂದ ಕುದುರೆಮುಖದ ಕಡೆ ಘಟ್ಟ ಹತ್ತುವ ದಾರಿಯಲ್ಲಿ ಮಾಳ ಸಿಗುತ್ತದೆ. ಮನೆಯಲ್ಲಿ ಮರಾಠಿ ಬಗೆಯ ಮಾತನ್ನು ಉಳಿಸಿಕೊಂಡ ಚಿತ್ಪಾವನ ಬ್ರಾಹ್ಮಣ ಮನೆತನಗಳು ಆ ಊರಿನಲ್ಲಿ ಇಂದಿಗೂ ಇವೆ. ಅನಂತಶಾಸ್ತ್ರಿ ಡೋಂಗ್ರೆ ಅಲ್ಲಿಯವರು. ಯುವಕರಾಗಿ ಪುಣೆಗೆ ಸಂಸ್ಕೃತ ಕಲಿಯಲು ಹೋಗಿದ್ದಾಗ, ತಮ್ಮ ಗುರು ಪೇಶ್ವೆಯ ರಾಣಿಗೆ ಪಾಠ ಹೇಳುವುದನ್ನು ಕಂಡರು. ಹೆಣ್ಣೊಬ್ಬಳ ಬಾಯಲ್ಲಿ ಸಂಸ್ಕೃತ ಶ್ಲೋಕ ಕೇಳಿ ಬೆರಗಾದರು. ಊರಿಗೆ ಮರಳಿ ಹೆಂಡತಿಗೆ ಕಲಿಸಲು ಹೊರಟರು. ಮನೆಯವರು ಬಿಡಲಿಲ್ಲ, ಹೆಂಡತಿಯೂ ಒಪ್ಪಲಿಲ್ಲ. ಆಕೆ ತೀರಿಕೊಂಡ ಮೇಲೆ, 44ರ ವಯಸ್ಸಿನಲ್ಲಿ, ಗೋದಾವರಿಯ ತೀರದಲ್ಲಿ ಯಾತ್ರೆಗೆ ಬಂದಿದ್ದ ಒಂದು ಕುಟುಂಬದ 9 ವರ್ಷದ ಹುಡುಗಿಯನ್ನು ಮದುವೆಯಾದರು. ಅವಳೇ ಲಕ್ಷ್ಮೀಬಾಯಿ. ಈ ಮದುವೆಯನ್ನು ಇಂದಿನ ಕಣ್ಣಿನಿಂದ ನೋಡಿದರೆ ಎದೆ ಝಲ್ಲೆನ್ನುತ್ತದೆ, ಆ ಮಾತನ್ನು ನುಂಗಿಕೊಂಡು ಮುಂದೆ ಹೋಗಲಾರೆ. ಆದರೆ ಆ ಮನೆಯಲ್ಲಿ ಆ ಹುಡುಗಿ ಸಂಸ್ಕೃತ ಕಲಿತಳು, ಮುಂದೆ ಮಕ್ಕಳಿಗೂ ಕಲಿಸಿದಳು ಎಂಬುದೂ ನಿಜ.

ಹೆಣ್ಣಿಗೆ ದೇವಭಾಷೆ ಕಲಿಸಿದ ತಪ್ಪಿಗೆ ಶಾಸ್ತ್ರಿಗಳು ಉಡುಪಿಯಲ್ಲಿ ಪಂಡಿತರ ಎದುರು ನಿಂತು ಉತ್ತರ ಹೇಳಬೇಕಾಯಿತು. ಶಾಸ್ತ್ರಗ್ರಂಥಗಳಿಂದಲೇ ಆಧಾರ ತೆಗೆದು ತೋರಿಸಿ ಗೆದ್ದರು. ಗೆದ್ದರೂ ಊರ ನಡುವೆ ಇರುವ ಮನಸ್ಸು ಉಳಿದಿರಲಿಲ್ಲವೋ ಏನೋ, ಘಟ್ಟದ ಮೇಲೆ ಗಂಗಾಮೂಲಕ್ಕೆ ಹೋಗಿ ನೆಲೆಸಿದರು. ತುಂಗೆ, ಭದ್ರೆ, ನೇತ್ರಾವತಿ ಹುಟ್ಟುವ ಜಾಗ ಅದು. ಸುತ್ತ ಕಾಡು, ಹುಲಿ, ವರ್ಷದಲ್ಲಿ ನಾಲ್ಕೈದು ತಿಂಗಳು ಬಿಡದ ಮಳೆ. 1858ರ ಏಪ್ರಿಲ್ 23ರಂದು ರಮಾ ಹುಟ್ಟಿದ್ದು ಅಲ್ಲಿ. ಆರು ಮಕ್ಕಳಲ್ಲಿ ಉಳಿದವರು ಮೂವರು: ಕೃಷ್ಣಾಬಾಯಿ, ಶ್ರೀನಿವಾಸ, ರಮಾ.

ಗಂಗಾಮೂಲಕ್ಕೆ ಬಂದ ಯಾತ್ರಿಕರು, ಶಿಷ್ಯರು, ಅತಿಥಿಗಳು ಯಾರೂ ಬರಿ ಹೊಟ್ಟೆಯಲ್ಲಿ ಹೋಗಬಾರದು ಎಂಬುದು ಶಾಸ್ತ್ರಿಗಳ ವ್ರತ. ಆ ವ್ರತದಲ್ಲೇ ಆಸ್ತಿ ಕರಗಿತು, ಸಾಲ ಬೆಳೆಯಿತು. ರಮಾ ಆರು ತಿಂಗಳ ಕೂಸಾಗಿದ್ದಾಗ ಕುಟುಂಬ ಮನೆ ಬಿಟ್ಟು ಯಾತ್ರೆಗೆ ಹೊರಟಿತು. ಕೂಸನ್ನು ಬೆತ್ತದ ಬುಟ್ಟಿಯಲ್ಲಿಟ್ಟು ಆಳೊಬ್ಬ ತಲೆಯ ಮೇಲೆ ಹೊತ್ತು ಘಟ್ಟ ಇಳಿದ. ಆಮೇಲೆ ಅವರಿಗೆ ಮನೆ ಎಂಬುದು ಇರಲೇ ಇಲ್ಲ. ದೇವಸ್ಥಾನದ ಅಂಗಳದಲ್ಲೋ ನದಿಯ ದಡದಲ್ಲೋ ಕುಳಿತು ಪುರಾಣ ಓದುವುದು, ಕೇಳಿದವರು ಇಟ್ಟ ಅಕ್ಕಿ, ಹಣ್ಣು, ಕಾಸಿನಲ್ಲಿ ದಿನ ದೂಡುವುದು. ತಾಯಿ ಬೆಳಕು ಹರಿಯುವ ಮುಂಚೆ ರಮಾಳನ್ನು ಎಬ್ಬಿಸಿ ಪಾಠ ಹೇಳುತ್ತಿದ್ದಳು. ಹೀಗೆ ನಡೆನಡೆಯುತ್ತಲೇ ಭಾಗವತದ 18,000 ಶ್ಲೋಕ ಆ ಹುಡುಗಿಗೆ ಬಾಯಿಪಾಠವಾಯಿತು.

ಈ ಮನೆಯ ತತ್ವಗಳನ್ನು ಇಲ್ಲೇ ಹೇಳಿಬಿಡಬೇಕು, ಮುಂದಿನದೆಲ್ಲ ಅವುಗಳ ಪರೀಕ್ಷೆ. ಸುಳ್ಳು ಹೇಳಬಾರದು. ಇದ್ದದ್ದನ್ನು ಕೊಡಬೇಕು. ಹೆಣ್ಣು ಮಕ್ಕಳಿಗೂ ವಿದ್ಯೆ ಬೇಕು. ಹಿರಿಮಗಳು ಕೃಷ್ಣಾಬಾಯಿಯನ್ನು ಎಳೆತನದಲ್ಲೇ ಮದುವೆ ಮಾಡಿ ಕೈಸುಟ್ಟುಕೊಂಡದ್ದರಿಂದ ರಮಾಳಿಗೆ ಬಾಲ್ಯವಿವಾಹ ಮಾಡುವುದಿಲ್ಲ ಎಂದೂ ತಂದೆ ನಿರ್ಧರಿಸಿದ್ದರು. ಇವುಗಳ ಜೊತೆಗೆ ಇನ್ನೊಂದು: ಪುರಾಣ ಓದುವುದನ್ನು ಬಿಟ್ಟು ಬೇರೆ ದುಡಿಮೆ ನಮ್ಮಂಥವರಿಗೆ ತಕ್ಕದ್ದಲ್ಲ, ಕೂಲಿಗೆ ಕೈಯೊಡ್ಡಬಾರದು, ಭಿಕ್ಷೆಗೂ ಕೈಯೊಡ್ಡಬಾರದು. ಇಂಗ್ಲಿಷ್ ಶಾಲೆಗೆ ಹೋದರೆ ಮ್ಲೇಚ್ಛರ ಸಂಪರ್ಕ, ಅದೂ ಬೇಡ. ಮೂವರು ಮಕ್ಕಳಿಗೂ ಹೊಟ್ಟೆ ಹೊರೆಯುವ ಒಂದು ಕಸುಬನ್ನೂ ಕಲಿಸಿರಲಿಲ್ಲ.

ಬರ

1874ರ ಹೊತ್ತಿಗೆ ಮದ್ರಾಸ್ ಪ್ರಾಂತ್ಯದಲ್ಲಿ ಕಾಳು ಸಿಗದಂತಾಯಿತು. ದಕ್ಷಿಣ ಭಾರತವನ್ನೇ ನುಂಗಿದ 1876ರ ದೊಡ್ಡ ಬರಕ್ಕೆ ಮುಂಚಿನ ಮಾತು ಇದು. ಪುರಾಣ ಕೇಳುವವರ ಹೊಟ್ಟೆಯೇ ಖಾಲಿ ಇರುವಾಗ ಓದುವವರಿಗೆ ಕೊಡುವವರು ಯಾರು? ಶಾಸ್ತ್ರಿಗಳಿಗೆ ವಯಸ್ಸಾಗಿತ್ತು, ಕಣ್ಣು ಮಂದವಾಗಿತ್ತು. ಕೂಡಿಟ್ಟಿದ್ದ ಹಣವನ್ನು ದೇವರ ಕೃಪೆ ಸಿಗಲೆಂದು ಪೂಜೆಗೆ, ಬ್ರಾಹ್ಮಣರಿಗೆ ದಾನಕ್ಕೆ ಖರ್ಚು ಮಾಡಿದರು. ಅದು ಮುಗಿದ ಮೇಲೆ ಒಡವೆ ಮಾರಿದರು. ಆಮೇಲೆ ಒಳ್ಳೆಯ ಬಟ್ಟೆ, ಆಮೇಲೆ ತಾಮ್ರ ಹಿತ್ತಾಳೆಯ ಪಾತ್ರೆ. ಅಡುಗೆಯ ಪಾತ್ರೆ ಮಾರುವ ಮನೆಯಲ್ಲಿ ಅಡುಗೆ ನಿಂತು ಎಷ್ಟು ದಿನವಾಗಿರುತ್ತದೆ ಎಂದು ಹೇಳಬೇಕಾಗಿಲ್ಲ.

ಮಾರಲು ಏನೂ ಉಳಿಯದಾದಾಗ ಐವರೂ ಕಾಡಿಗೆ ಹೊಕ್ಕರು. ಜನರ ಕಣ್ಣೆದುರು ಸಾಯುವುದು ಬೇಡ ಎಂಬ ಮಾನದ ಪ್ರಶ್ನೆ. 11 ಹಗಲು 11 ರಾತ್ರಿ ನೀರು, ಎಲೆ, ಒಂದು ಹಿಡಿ ಕಾಡು ಖರ್ಜೂರದಲ್ಲಿ ಜೀವ ಹಿಡಿದರು. ಕಡೆಗೆ ತಂದೆ ಪುಣ್ಯದ ಕೆರೆಯೊಂದರಲ್ಲಿ ಮುಳುಗಿ ಪ್ರಾಣ ಬಿಡಲು ನಿಶ್ಚಯಿಸಿದರು. ಒಬ್ಬೊಬ್ಬರನ್ನೇ ಅಪ್ಪಿಕೊಂಡು ಬೀಳ್ಕೊಂಡರು. ಕಿರಿಮಗಳನ್ನು ಹತ್ತಿರ ಕರೆದು, ನಿನ್ನನ್ನು ದೇವರ ಕೈಗೆ ಒಪ್ಪಿಸಿದ್ದೇನೆ, ಬದುಕಿಡೀ ಅವನ ಸೇವೆಯನ್ನೇ ಮಾಡು ಎಂಬ ಅರ್ಥದ ಮಾತು ಹೇಳಿದರು. ಆ ಮಾತು ರಮಾಬಾಯಿಗೆ ಕೊನೆಯವರೆಗೂ ನೆನಪಿತ್ತು. ತಂದೆ ಹೇಳಿದ ದೇವರು ಯಾರು, ತಾನು ಕಂಡುಕೊಂಡ ದೇವರು ಯಾರು ಎಂಬ ಲೆಕ್ಕವನ್ನು ಅವರು ಮುಂದೆ ತಮ್ಮದೇ ರೀತಿಯಲ್ಲಿ ಹೊಂದಿಸಿಕೊಂಡರು.

ಈ ಹಂತದಲ್ಲಿ ಶ್ರೀನಿವಾಸ ಬಾಯಿಬಿಟ್ಟ. ಜಾತಿಯ ಹೆಮ್ಮೆ ಸಾಕು, ನಾನು ಕೂಲಿ ಮಾಡಿ ನಿಮ್ಮನ್ನು ಸಾಕುತ್ತೇನೆ ಎಂದ.

ಇಡೀ ಪ್ರಕರಣದ ತಿರುವು ಇದು. ರಮಾಬಾಯಿಯ ಬಗ್ಗೆ ಬರೆದವರು ಬಹಳ ಮಂದಿ ಇದ್ದಾರೆ, ಅಣ್ಣನ ಬಗ್ಗೆ ಒಂದೆರಡು ಸಾಲು ಬರೆದು ಮುಂದೆ ಹೋಗುತ್ತಾರೆ. ನನಗೆ ಹಾಗೆ ಮಾಡಲು ಮನಸ್ಸಿಲ್ಲ. ದೊಡ್ಡ ಪಂಡಿತನ ಮಗ, ಕೈಗೆ ಮಣ್ಣು ತಾಗಿಸಿಕೊಳ್ಳದೆ ಬೆಳೆದವನು, ತಂದೆ ಪುಣ್ಯವೆಂದುಕೊಂಡ ಸಾವನ್ನು ತಡೆದು ಕೂಲಿ ಮಾಡುತ್ತೇನೆ ಎಂದದ್ದು ಸಣ್ಣ ಮಾತಲ್ಲ. ಮನೆಯ ತತ್ವಗಳಲ್ಲಿ ಯಾವುದು ಬಿಡತಕ್ಕದ್ದು ಎಂದು ಮೊದಲು ಗುರುತಿಸಿದವನು ಅವನು.

ಆದರೆ ತಡವಾಗಿತ್ತು. ಕಾಡಿನಿಂದ ಹೊರಬಂದ ಕೆಲವೇ ದಿನಗಳಲ್ಲಿ ತಂದೆ ಹೋದರು. ಸಾಯುವ ಮುಂಚೆ ಸಂನ್ಯಾಸ ತೆಗೆದುಕೊಂಡಿದ್ದರಿಂದ ಸುಡುವಂತಿಲ್ಲ, ಹೂಳಬೇಕು. ಹೊರಲು ಜನ ಇಲ್ಲ. ಶ್ರೀನಿವಾಸ ತಂದೆಯ ದೇಹವನ್ನು ಧೋತರದಲ್ಲಿ ಗಂಟಿನ ಹಾಗೆ ಕಟ್ಟಿ ಒಬ್ಬನೇ ಹೊತ್ತೊಯ್ದ. ಮುಂದಿನ ಸರದಿ ತಾಯಿಯದು. ಜ್ವರದಲ್ಲಿ ಮಲಗಿದ ತಾಯಿಗೆ ಏನಾದರೂ ತರಬೇಕೆಂದು ರಮಾ ಒಂದು ಬ್ರಾಹ್ಮಣರ ಮನೆ ಬಾಗಿಲಿಗೆ ಹೋದಳು. ಬಾಯಿ ತೆರೆದು ಕೇಳಲು ನಾಲಿಗೆ ಏಳಲಿಲ್ಲ, ಕಣ್ಣೀರು ಬಂತು. ಮನೆಯಾಕೆಗೆ ಅರ್ಥವಾಯಿತು. ಒಂದು ಸಜ್ಜೆ ರೊಟ್ಟಿ ಕೊಟ್ಟಳು. ತಂದುಕೊಟ್ಟರೆ ತಾಯಿಗೆ ಅದನ್ನು ಅಗಿಯುವ ಶಕ್ತಿಯೂ ಉಳಿದಿರಲಿಲ್ಲ. ತಾಯಿಯ ಹಿಂದೆಯೇ, ಅದೇ ಬರದ ದಿನಗಳಲ್ಲಿ, ಅಕ್ಕ ಕೃಷ್ಣಾಬಾಯಿಯೂ ತೀರಿಕೊಂಡಳು.

ಇಬ್ಬರೇ

ಅಣ್ಣ ತಂಗಿ ನಡೆಯತೊಡಗಿದರು. ದಕ್ಷಿಣದಿಂದ ಪಂಜಾಬ್, ಕಾಶ್ಮೀರದವರೆಗೆ, ಅಲ್ಲಿಂದ ಪೂರ್ವಕ್ಕೆ ಬಂಗಾಳದವರೆಗೆ. ಒಟ್ಟು ಸುಮಾರು 4,000 ಮೈಲಿ ನಡೆದಿರಬೇಕೆಂದು ರಮಾಬಾಯಿಯ ಲೆಕ್ಕ. ಅಣ್ಣನಿಗೆ ಎಲ್ಲಾದರೂ ಕೆಲಸ ಸಿಕ್ಕರೆ ತಿಂಗಳಿಗೆ 4 ರೂಪಾಯಿ ಸಂಬಳ. ಸಿಗದಿದ್ದರೆ ನೀರಲ್ಲಿ ನೆನೆಸಿದ ಒಂದು ಹಿಡಿ ಕಾಳು, ಮೇಲೆ ಸ್ವಲ್ಪ ಉಪ್ಪು. ಅದೂ ಇಲ್ಲದ ದಿನ ಕಾಡುಹಣ್ಣು. ಹಸಿವು ಎಷ್ಟಿತ್ತೆಂದರೆ ಹಣ್ಣಿನ ಜೊತೆ ಗಟ್ಟಿ ಬೀಜವನ್ನೂ ಬಿಡದೆ ನುಂಗುತ್ತಿದ್ದರು. ಜೇಲಂ ನದಿಯ ದಡದಲ್ಲಿ ಚಳಿಗೆ ಹೊದೆಯಲು ಏನೂ ಇಲ್ಲದೆ, ಗೋರಿಯಂಥ ಎರಡು ಗುಳಿ ತೋಡಿ, ಅದರಲ್ಲಿ ಮಲಗಿ, ಕುತ್ತಿಗೆಯವರೆಗೆ ಒಣ ಮರಳು ಎಳೆದುಕೊಂಡು ರಾತ್ರಿ ಕಳೆದರು.

ಇಷ್ಟರಲ್ಲೂ ಅವರು ಎರಡು ಕೆಲಸ ಬಿಡಲಿಲ್ಲ. ಒಂದು, ವ್ರತ ಮಡಿ ಊಟದ ಕಟ್ಟಳೆ. ಕೆಳಜಾತಿಯವರು ಎನಿಸಿಕೊಂಡವರ ಕೈಯ ಅನ್ನ ಮುಟ್ಟಲಿಲ್ಲ. ಹಸಿವಿನಲ್ಲೂ ತಾವು ಹೊತ್ತಿದ್ದ ಈ ಜಾತಿಯ ಹಮ್ಮನ್ನು ರಮಾಬಾಯಿ ಮುಂದೆ ಯಾವ ಮುಚ್ಚುಮರೆಯೂ ಇಲ್ಲದೆ ಬರೆದುಕೊಂಡಿದ್ದಾರೆ. ಇನ್ನೊಂದು, ಹೋದ ಊರಲ್ಲೆಲ್ಲ ಹೆಣ್ಣು ಮಕ್ಕಳಿಗೆ ವಿದ್ಯೆ ಕೊಡಿ, ಎಳೆಯರ ಮದುವೆ ಮಾಡಬೇಡಿ ಎಂದು ಸಂಸ್ಕೃತ ವಚನ ಎತ್ತಿ ಭಾಷಣ ಮಾಡುವುದು. ನಾಳೆಯ ಊಟ ಎಲ್ಲಿಂದ ಎಂದು ಗೊತ್ತಿಲ್ಲದ ಇಬ್ಬರು ಎಳೆಯರು ಊರ ಹಿರಿಯರ ಮುಂದೆ ನಿಂತು ಅವರಿಗೆ ಹಿಡಿಸದ ಮಾತನ್ನೇ ಆಡುತ್ತಿದ್ದರು. ಹಿಡಿಸುವ ಮಾತಾಡಿದ್ದರೆ ತಟ್ಟೆಗೆ ಇನ್ನೆರಡು ಕಾಸು ಬೀಳುತ್ತಿತ್ತೇನೋ. ತಂದೆಗಾಗಿ ಅವರು ಇದನ್ನು ಬಿಡಲಿಲ್ಲ.

ಬಿಟ್ಟದ್ದು ನಂಬಿಕೆಯನ್ನು. ಶಾಸ್ತ್ರ ಹೇಳಿದ ಪೂಜೆ, ಉಪವಾಸ, ತೀರ್ಥಸ್ನಾನ ಎಲ್ಲವನ್ನೂ ಅಕ್ಷರಕ್ಕೆ ಅಕ್ಷರ ಪಾಲಿಸಿದವರು ಇವರು. ಫಲ ಮಾತ್ರ ಕಾಣಲಿಲ್ಲ. 1878ರಲ್ಲಿ ಕಲ್ಕತ್ತಾ ಮುಟ್ಟುವ ಹೊತ್ತಿಗೆ ಇಬ್ಬರಿಗೂ ಮೂರ್ತಿಗಳ ಮೇಲಿನ ವಿಶ್ವಾಸ ಉದುರಿಹೋಗಿತ್ತು. ಅಲ್ಲಿನ ಪಂಡಿತರು ರಮಾಳ ವಿದ್ವತ್ತನ್ನು ಪರೀಕ್ಷಿಸಿ ಪಂಡಿತಾ, ಸರಸ್ವತಿ ಎಂಬ ಬಿರುದು ಕೊಟ್ಟರು. ಅಲ್ಲೇ ಒಂದು ಕ್ರೈಸ್ತ ಕೂಟಕ್ಕೆ ಅಣ್ಣ ತಂಗಿಗೆ ಕರೆ ಬಂತು. ನಮ್ಮವರೇ ಬ್ರಾಹ್ಮಣ ಮನೆತನದವರು ಇಂಗ್ಲಿಷರ ಜೊತೆ ಕುಳಿತು ಚಹಾ, ಬಿಸ್ಕತ್ತು ತೆಗೆದುಕೊಳ್ಳುವುದನ್ನು ಕಂಡು ಇಬ್ಬರೂ ಕಲಿಯುಗ ಪೂರ್ತಿ ಬಂದೇಬಿಟ್ಟಿತು ಎಂದು ಗಾಬರಿಯಾದರಂತೆ. ಕೈಗೆ ಒಂದು ಸಂಸ್ಕೃತ ಬೈಬಲ್ ಕೊಟ್ಟರು. ಅದರ ಭಾಷೆ ತಲೆಗೆ ಹತ್ತಲಿಲ್ಲ, ಓದಿನ ರುಚಿಯೂ ಹುಟ್ಟಲಿಲ್ಲ.

1880ರಲ್ಲಿ ಢಾಕಾದಲ್ಲಿ ಶ್ರೀನಿವಾಸ ಕಾಯಿಲೆ ಬಿದ್ದ. ತಾನು ಹೋದರೆ ತಂಗಿ ಈ ದೊಡ್ಡ ಜಗತ್ತಿನಲ್ಲಿ ಒಬ್ಬಳೇ ಆಗುತ್ತಾಳಲ್ಲ ಎಂಬುದೊಂದೇ ಅವನ ಕೊರಗು. ನಿನ್ನನ್ನೂ ನನ್ನನ್ನೂ ನೋಡಿಕೊಳ್ಳಲು ದೇವರಲ್ಲದೆ ಬೇರೆ ಯಾರಿದ್ದಾರೆ ಎಂದಳು ತಂಗಿ. ದೇವರು ನೋಡಿಕೊಳ್ಳುವುದಾದರೆ ನನಗೆ ಯಾವ ಹೆದರಿಕೆಯೂ ಇಲ್ಲ ಎಂದು ಹೇಳಿ ಅಣ್ಣ ಕಣ್ಣು ಮುಚ್ಚಿದ. ಆ ಹೊತ್ತಿಗೆ ಇಬ್ಬರಿಗೂ ಆ ದೇವರಿಗೆ ಹೆಸರಿರಲಿಲ್ಲ. ಹಳೆಯ ಹೆಸರುಗಳು ಬಿದ್ದುಹೋಗಿದ್ದವು, ಹೊಸದು ಇನ್ನೂ ಬಂದಿರಲಿಲ್ಲ. ಹಾಗಿದ್ದೂ ಆ ಹುಡುಗ ಹೆದರಿಕೆ ಬಿಟ್ಟು ಹೋದ ಎಂಬುದನ್ನು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಯಾವ ಸಭೆಯ ರಿಜಿಸ್ಟರಿನಲ್ಲೂ ಅವನ ಹೆಸರಿಲ್ಲ. ಅವನ ವಿಶ್ವಾಸ ಕಡಿಮೆಯದು ಎನ್ನಲು ನನಗೆ ಬಾಯಿ ಬರುವುದಿಲ್ಲ.

ಹೊಸ ನಂಬಿಕೆ, ಹಳೆಯ ಹಟ

ನಡುವಿನದನ್ನು ಬೇಗ ಹೇಳುತ್ತೇನೆ. ಅದೇ ವರ್ಷ ಅಣ್ಣನ ಸ್ನೇಹಿತ ಬಿಪಿನ್ ಬಿಹಾರಿ ಮೇಧವಿ ಎಂಬ ವಕೀಲರನ್ನು ರಮಾಬಾಯಿ ಮದುವೆಯಾದರು. ಅವರು ಶೂದ್ರರೆನಿಸಿಕೊಂಡ ಜಾತಿಯವರು. ಕೆಳಜಾತಿಯ ಕೈಯ ಅನ್ನ ಮುಟ್ಟದೆ ಸಾವಿರಾರು ಮೈಲಿ ನಡೆದಾಕೆ ಆ ಗೋಡೆಯನ್ನು ತಾನೇ ಕೆಡವಿದ್ದು ಹೀಗೆ. 1881ರಲ್ಲಿ ಮಗಳು ಮನೋರಮಾ ಹುಟ್ಟಿದಳು. 1882ರಲ್ಲಿ ಗಂಡ ಕಾಲರಾದಲ್ಲಿ ತೀರಿಕೊಂಡರು. 24 ವರ್ಷ ತುಂಬುವ ಮೊದಲೇ ರಮಾಬಾಯಿ ತಂದೆ, ತಾಯಿ, ಅಕ್ಕ, ಅಣ್ಣ, ಗಂಡ ಎಲ್ಲರನ್ನೂ ಕಳೆದುಕೊಂಡಿದ್ದರು. ಪುಣೆಗೆ ಬಂದರು, ಹೆಂಗಸರಿಗಾಗಿ ಆರ್ಯ ಮಹಿಳಾ ಸಮಾಜ ಕಟ್ಟಿದರು, 1883ರಲ್ಲಿ ವೈದ್ಯಕೀಯ ಓದುವ ಆಸೆಯಿಂದ ಇಂಗ್ಲೆಂಡಿಗೆ ಹಡಗು ಹತ್ತಿದರು. ಕಿವಿ ಮಂದವಾಗುತ್ತಿದ್ದುದರಿಂದ ವೈದ್ಯಕೀಯ ಕೈಗೂಡಲಿಲ್ಲ.

ಅವರ ಮನಸ್ಸು ಕ್ರಿಸ್ತನ ಕಡೆ ತಿರುಗಿದ್ದು ವಾದದಿಂದಲ್ಲ. ಲಂಡನ್ನಿನ ಫುಲ್‌ಹ್ಯಾಮಿನಲ್ಲಿ ವಾಂಟೇಜ್‌ನ ಸನ್ಯಾಸಿನಿಯರು ನಡೆಸುತ್ತಿದ್ದ ಆಶ್ರಯಕ್ಕೆ ಒಮ್ಮೆ ಕರೆದೊಯ್ದರು. ದಾರಿ ತಪ್ಪಿದವರೆಂದು ಸಮಾಜ ಹೊರಗೆ ಹಾಕಿದ ಹೆಂಗಸರು ಅಲ್ಲಿ ಬದುಕು ಕಟ್ಟಿಕೊಳ್ಳುತ್ತಿದ್ದರು. ಇವರನ್ನು ಹೀಗೆ ಒಳಗೆ ಸೇರಿಸಿಕೊಳ್ಳುವ ಮನಸ್ಸು ಎಲ್ಲಿಂದ ಬಂತು ಎಂದು ಕೇಳಿದಾಗ ಯೋಹಾನನ ಸುವಾರ್ತೆಯ 4ನೆಯ ಅಧ್ಯಾಯ, ಬಾವಿಯ ಬಳಿಯ ಸಮಾರ್ಯದ ಹೆಂಗಸಿನ ಕಥೆ, ಓದಿ ಹೇಳಿದರು. 1883ರ ಸೆಪ್ಟೆಂಬರ್ 29ರಂದು ವಾಂಟೇಜ್‌ನಲ್ಲಿ ತಾಯಿ ಮಗಳಿಬ್ಬರಿಗೂ ದೀಕ್ಷಾಸ್ನಾನವಾಯಿತು.

ಕ್ರೈಸ್ತ ತತ್ವಕ್ಕೆ ನಿಷ್ಠೆ ಎಂದರೆ ಹೇಳಿದ್ದಕ್ಕೆಲ್ಲ ಹೂಂ ಎನ್ನುವುದು ಎಂದುಕೊಂಡವರಿಗೆ ರಮಾಬಾಯಿ ಬಿಸಿ ತುಪ್ಪವಾದರು. ಒಂದು ಪುರೋಹಿತವರ್ಗದ ನೊಗ ಇಳಿಸಿ ಬಂದವಳು ನಾನು, ಇನ್ನೊಂದಕ್ಕೆ ಕುತ್ತಿಗೆ ಕೊಡಲಾರೆ ಎಂಬ ಧಾಟಿಯಲ್ಲಿ ಧರ್ಮಮಾತೆಯೂ ಗೆಳತಿಯೂ ಆಗಿದ್ದ ಸಿಸ್ಟರ್ ಜೆರಾಲ್ಡಿನ್‌ಗೆ ಪತ್ರದ ಮೇಲೆ ಪತ್ರ ಬರೆದರು. ತಿಳಿಯದ್ದನ್ನು ಬಾಯಲ್ಲಿ ಒಪ್ಪಿದೆ ಎನ್ನಲು ಅವರು ಸಿದ್ಧರಿರಲಿಲ್ಲ. ಗಂಡಸರಿಗೆ ಪಾಠ ಹೇಳಬಾರದು ಎಂದು ಬಿಷಪ್ಪರು ತಡೆದಾಗ, ತಂದೆಯ ಕಾಲದಿಂದ ಗಂಡಸರ ಸಭೆಯಲ್ಲೇ ಮಾತಾಡಿ ಬೆಳೆದವಳಿಗೆ ಅದು ಅರ್ಥವೇ ಆಗಲಿಲ್ಲ. ಮಾಂಸ ಮುಟ್ಟಲಿಲ್ಲ, ಬಿಳಿ ಸೀರೆ ಬಿಡಲಿಲ್ಲ. ದೀಕ್ಷಾಸ್ನಾನವಾಗಿ ಎಂಟು ವರ್ಷಗಳ ಮೇಲೆ, 1891ರ ಸುಮಾರಿಗೆ, ಇಷ್ಟು ದಿನ ಕ್ರೈಸ್ತಧರ್ಮ ಸಿಕ್ಕಿತ್ತು, ಕ್ರಿಸ್ತ ಸಿಕ್ಕಿರಲಿಲ್ಲ ಎಂದು ತಮ್ಮ ಬಗ್ಗೆ ತಾವೇ ತೀರ್ಪು ಕೊಟ್ಟುಕೊಂಡರು. ಅಷ್ಟು ವರ್ಷ ಜಗತ್ತಿನ ಎದುರು ಕ್ರೈಸ್ತಳೆನಿಸಿಕೊಂಡ ಮೇಲೆ ಹೀಗೆ ಒಪ್ಪಿಕೊಳ್ಳುವುದು ಸುಳ್ಳು ಹೇಳಬಾರದು ಎಂಬ ಗಂಗಾಮೂಲದ ಮನೆಯ ಪಾಠವೇ ಸರಿ.

1889ರ ಮಾರ್ಚ್ 11ರಂದು ಮುಂಬಯಿಯಲ್ಲಿ ಬಾಲವಿಧವೆಯರಿಗಾಗಿ ಶಾರದಾ ಸದನ ತೆರೆದರು. ಮರುವರ್ಷ ಅದು ಪುಣೆಗೆ ಬಂತು. ಇಲ್ಲಿ ಮತಬೋಧನೆ ಇಲ್ಲ, ಹಿಂದೂ ಹುಡುಗಿಯರು ತಮ್ಮ ಆಚಾರ ಪಾಲಿಸಬಹುದು ಎಂಬುದು ಕರಾರು. ಆದರೆ ತಮ್ಮ ಕೋಣೆಯಲ್ಲಿ ಮಗಳೊಡನೆ ಪ್ರಾರ್ಥಿಸುವಾಗ ರಮಾಬಾಯಿ ಬಾಗಿಲು ಹಾಕಿಕೊಳ್ಳುತ್ತಿರಲಿಲ್ಲ. ಕೆಲವು ಹುಡುಗಿಯರು ಬಂದು ಕೂರತೊಡಗಿದರು. 1893ರಲ್ಲಿ ಗದ್ದಲವೆದ್ದಿತು. ರಾನಡೆ, ಭಂಡಾರಕರರಂಥ ಹಿತೈಷಿಗಳು ಸಲಹಾ ಮಂಡಳಿಯಿಂದ ಹೊರಬಂದರು, ಸುಮಾರು 25 ಹುಡುಗಿಯರನ್ನು ಮನೆಯವರು ಕರೆದುಕೊಂಡು ಹೋದರು. ಆ ತೆರೆದ ಬಾಗಿಲನ್ನು ಧೈರ್ಯ ಎನ್ನುವವರೂ ಇದ್ದಾರೆ, ಕರಾರಿನ ಮೋಸ ಎನ್ನುವವರೂ ಇದ್ದಾರೆ. ತನ್ನ ಮನೆಯಲ್ಲಿ ತನ್ನ ದೇವರನ್ನು ಕದ್ದು ಪ್ರಾರ್ಥಿಸಲಾರೆ ಎಂಬ ಅವರ ಹಟ ನನಗೆ ಅರ್ಥವಾಗುತ್ತದೆ. ಮಗಳನ್ನು ನಂಬಿ ಕಳಿಸಿದ ಅಪ್ಪನ ನೋವೂ ಅರ್ಥವಾಗುತ್ತದೆ.

ಮತ್ತೆ ಬರ

1896ರಲ್ಲಿ ಮಧ್ಯಪ್ರಾಂತ್ಯಗಳಲ್ಲಿ ಬರ ಬಿತ್ತು. ಸುದ್ದಿ ಕೇಳಿದ ರಮಾಬಾಯಿಗೆ ಕೂತಲ್ಲಿ ಕೂರಲಾಗಲಿಲ್ಲ. ಹಿಂದೆ ತಾನು ಎಲೆ ತಿಂದ ದಿನ, ಅಣ್ಣ ತಂದೆಯನ್ನು ಗಂಟು ಕಟ್ಟಿ ಹೊತ್ತ ದಿನ ಎಲ್ಲ ಎದುರು ನಿಂತವು. ಸದನದಲ್ಲಿ ಜಾಗವಿಲ್ಲ, ಕೈಯಲ್ಲಿ ಹಣವಿಲ್ಲ. ಆದರೂ ಹೊರಟರು. ರಸ್ತೆ ಬದಿಯಲ್ಲಿ, ಪರಿಹಾರದ ಶಿಬಿರಗಳಲ್ಲಿ ಎಲುಬಿನ ಹಂದರವಾಗಿ ಬಿದ್ದಿದ್ದ, ಕೆಟ್ಟವರ ಕೈಗೆ ಸಿಕ್ಕಿದ್ದ ಹುಡುಗಿಯರನ್ನು ಎತ್ತಿ ತಂದರು. ಹೀಗೆ ಬಂದವರು ಸುಮಾರು 300. ಪುಣೆಯಲ್ಲಿ ಪ್ಲೇಗಿನ ಕಟ್ಟುಪಾಡು ಇದ್ದದ್ದರಿಂದ ಅಲ್ಲಿ ಇಡುವಂತಿರಲಿಲ್ಲ. ಕೆಡಗಾಂವಿನಲ್ಲಿ ಅವರು ಮೊದಲೇ ಕೊಂಡಿದ್ದ ಹೊಲದಲ್ಲಿ ಡೇರೆ ಹಾಕಿದರು. ಮುಕ್ತಿ ಎಂಬ ಆಶ್ರಯಧಾಮ ಹುಟ್ಟಿದ್ದು ಹಾಗೆ. 1900ರ ಗುಜರಾತ್ ಬರದ ನಂತರ ಅಲ್ಲಿನ ಬಾಯಿಗಳ ಲೆಕ್ಕ 2,000ದ ಹತ್ತಿರ ಮುಟ್ಟಿತು.

ಈಗ ಆ ಆವರಣವನ್ನು ಹಳೆಯ ಪ್ರಕರಣದ ಪಕ್ಕದಲ್ಲಿಟ್ಟು ನೋಡಬೇಕು. ಡೋಂಗ್ರೆ ಮಕ್ಕಳಿಗೆ ಯಾವ ಕಸುಬೂ ಗೊತ್ತಿರಲಿಲ್ಲ. ಮುಕ್ತಿಗೆ ಬಂದ ಹುಡುಗಿಯರಲ್ಲಿ ಕೆಲವರು ಮಗ್ಗಕ್ಕೆ ಕುಳಿತರು, ಕೆಲವರು ಗಾಣಕ್ಕೆ, ಹೈನಿಗೆ, ಹೊಲಕ್ಕೆ, ಬಟ್ಟೆ ಒಗೆಯುವುದಕ್ಕೆ, ಹೊಲಿಗೆಗೆ. ಕೆಲವರು ಅಚ್ಚುಕೂಟದಲ್ಲಿ ಮೊಳೆ ಜೋಡಿಸಿದರು. ಓದು ಬರಹ ಎಲ್ಲರಿಗೂ ಇತ್ತು, ಅದರ ಜೊತೆ ಕೈಗೊಂದು ಕೆಲಸವೂ ಇತ್ತು. ಮೇಲುಜಾತಿಯ ವಿಧವೆಗೂ ಇದರಲ್ಲಿ ರಿಯಾಯಿತಿ ಇರಲಿಲ್ಲ. ಕೂಲಿ ಮಾಡುತ್ತೇನೆ ಎಂದು ಕಾಡಿನಲ್ಲಿ ಅಣ್ಣ ಹೇಳಿದ ಮಾತನ್ನು ತಂಗಿ ಒಂದು ಸಂಸ್ಥೆಯ ದಿನಚರಿಯನ್ನಾಗಿ ಮಾಡಿದರು ಎಂದೇ ನಾನು ಓದುತ್ತೇನೆ. ಬಾವಿ ತೋಡಿಸಿದರು, ಕಾಳು ಕೂಡಿಟ್ಟರು. ಕಣ್ಣು ಕಾಣದವರಿಗೆ ಬ್ರೈಲ್ ಕಲಿಸಿದರು, ಬುಟ್ಟಿ ಹೆಣೆಯಲು ಕಲಿಸಿದರು. ಮೋಸಹೋಗಿ ಮನೆಯಿಂದ ಹೊರಬಿದ್ದ ಹೆಂಗಸರಿಗೆ ಕೃಪಾ ಸದನ ಕಟ್ಟಿದರು, ಫುಲ್‌ಹ್ಯಾಮಿನಲ್ಲಿ ಕಂಡದ್ದನ್ನು ಮರೆಯಲಿಲ್ಲ.

ಅನಾಥ ಹುಡುಗರಿಗೂ ಅಲ್ಲಿ ಒಂದು ಮನೆ ಇತ್ತು, ಸದಾನಂದ ಸದನ ಎಂದು ಹೆಸರು. ಹೆಂಗಸರಿಗಾಗಿ ಕಟ್ಟಿದ ಜಾಗದಲ್ಲಿ ಹುಡುಗರಿಗೂ ಒಂದು ಮನೆ ಇದ್ದದ್ದು ನನಗೆ ಸಣ್ಣ ವಿಷಯವಾಗಿ ಕಾಣುವುದಿಲ್ಲ. ಇವತ್ತಿಗೂ ನಮ್ಮಲ್ಲಿ ತಂದೆ ತಾಯಿ ಇಲ್ಲದ ಅಣ್ಣ ತಂಗಿಯರನ್ನು ಹುಡುಗರ ಬಾಲಮಂದಿರ, ಹುಡುಗಿಯರ ಬಾಲಮಂದಿರ ಎಂದು ಎರಡು ಕಡೆ ಕಳಿಸುತ್ತೇವೆ. ವಯಸ್ಸಿನ, ಸುರಕ್ಷತೆಯ ಕಾರಣಗಳು ಸರಿಯೇ. ಆದರೆ ಆ ಮಕ್ಕಳ ಪಾಲಿಗೆ ಉಳಿದಿದ್ದ ಒಂದೇ ಸಂಬಂಧ ಅದು. ಅದು ತುಂಡಾದರೆ ಉಳಿಯುವುದೇನು ಎಂದು ಯಾರೂ ಕೇಳುವುದಿಲ್ಲ. ಜೇಲಂ ದಡದಲ್ಲಿ ಅಕ್ಕಪಕ್ಕ ಎರಡು ಗುಳಿ ತೋಡಿ ಮಲಗಿದವರನ್ನು ನೆನೆಸಿಕೊಂಡರೆ ಉತ್ತರ ಸಿಗುತ್ತದೆ.

ಹಣದ ವಿಷಯ ಬೇರೆಯದೇ ಪಾಠ. ಅಮೆರಿಕದ ಹಿತೈಷಿಗಳು ಮೊದಲ ಹತ್ತು ವರ್ಷಕ್ಕೆ ಮಾತು ಕೊಟ್ಟಿದ್ದರು, ಅದು 1898ಕ್ಕೆ ಮುಗಿಯಿತು. ಆಮೇಲೆ ರಮಾಬಾಯಿ ನೆಚ್ಚಿಕೊಂಡದ್ದು ಪ್ರಾರ್ಥನೆಯನ್ನು. ಬ್ರಿಸ್ಟಲಿನಲ್ಲಿ ಜಾರ್ಜ್ ಮ್ಯೂಲರ್ ಅನಾಥಾಲಯಗಳನ್ನು ನಡೆಸಿದ ರೀತಿ ಅವರಿಗೆ ಗೊತ್ತಿತ್ತು, ಅದೇ ದಾರಿ ಹಿಡಿದರು. ಅನುದಿನದ ಆಹಾರವನ್ನು ಈ ಹೊತ್ತು ದಯಪಾಲಿಸು ಎಂದು ಎರಡು ಸಾವಿರ ಮಂದಿಯ ಪರವಾಗಿ ಕೇಳುವುದು ಹುಡುಗಾಟವಲ್ಲ. ಆದರೆ ಗಮನಿಸಬೇಕಾದ್ದು ಇಲ್ಲೇ ಇದೆ. ತಂದೆ ದೇವರ ಮೇಲೆ ಭಾರ ಹಾಕಿ ಇದ್ದ ಹಣವನ್ನೆಲ್ಲ ದಾನಕ್ಕೆ ಸುರಿದಿದ್ದರು. ಮಗಳು ದೇವರ ಮೇಲೆ ಭಾರ ಹಾಕಿದ ಮೇಲೂ ಬಾವಿ ತೋಡಿಸಿದರು, ಬೀಜ ಬಿತ್ತಿಸಿದರು, ಮಗ್ಗ ಹೂಡಿಸಿದರು.

ಒಂದು ಮಾತು ಮನಸ್ಸಿಗೆ ಚುಚ್ಚುತ್ತಲೇ ಇರುತ್ತದೆ, ಅದನ್ನು ಬಚ್ಚಿಡುವುದು ರಮಾಬಾಯಿಗೇ ಅನ್ಯಾಯ. ಶಾರದಾ ಸದನದ ಹಾಗಲ್ಲ, ಮುಕ್ತಿ ಬಹಿರಂಗವಾಗಿ ಕ್ರೈಸ್ತ ಮನೆ. ಹಸಿದು ಸಾಯುತ್ತಿದ್ದ ಹನ್ನೆರಡರ ಹುಡುಗಿಯೊಬ್ಬಳು ಅನ್ನ ಕೊಟ್ಟವರ ದೇವರನ್ನು ಒಪ್ಪಿಕೊಂಡರೆ ಅದು ಪೂರ್ತಿ ಅವಳ ಆಯ್ಕೆಯೇ? ಆ ಕಾಲದ ಪತ್ರಿಕೆಗಳು ಕೇಳಿದ ಪ್ರಶ್ನೆ ಇದು. ಕ್ರೈಸ್ತನಾದ ನಾನೂ ಕೇಳಿಕೊಳ್ಳುತ್ತೇನೆ. ರಮಾಬಾಯಿ ಸ್ವತಃ ಒಂದೊಂದು ಸಿದ್ಧಾಂತವನ್ನೂ ವರ್ಷಗಟ್ಟಲೆ ತೂಗಿ ನೋಡಿ ಒಪ್ಪಿದವರು. ಅಷ್ಟು ಬಿಡುವು, ಅಷ್ಟು ವಿದ್ಯೆ ಆ ಹುಡುಗಿಯರಿಗೆ ಇರಲಿಲ್ಲ. ಆದರೆ ಅವರನ್ನು ರಸ್ತೆಯಿಂದ ಎತ್ತಲು ಆ ಹೊತ್ತು ಬೇರೆ ಎಷ್ಟು ಕೈಗಳು ಬಂದವು ಎಂದೂ ಕೇಳಲೇಬೇಕು. ಲಕ್ಷ್ಮೀಬಾಯಿಯ ಚಟ್ಟಕ್ಕೆ ಬಂದದ್ದು ಇಬ್ಬರು.

ಮಗಳು ಮನೋರಮಾ ತಾಯಿಯ ಬಲಗೈಯಾಗಿ ಬೆಳೆದಳು. 1912ರಲ್ಲಿ ತಾಯಿ ಮಗಳು ಸೇರಿ ಗುಲ್ಬರ್ಗಾದಲ್ಲಿ ಒಂದು ಕ್ರೈಸ್ತ ಹೈಸ್ಕೂಲು ಕಟ್ಟಿದರು. ಆಗ ಅದು ನಿಜಾಮನ ಸೀಮೆ. ಬೆತ್ತದ ಬುಟ್ಟಿಯಲ್ಲಿ ಘಟ್ಟ ಇಳಿದ ಕೂಸು ಕನ್ನಡದ ಮಕ್ಕಳಿಗೆ ಕಟ್ಟಿದ ಶಾಲೆ ಅದು. 1921ರ ಜುಲೈಯಲ್ಲಿ, 40 ತುಂಬಿದ ವರ್ಷವೇ, ಮನೋರಮಾ ತೀರಿಕೊಂಡಳು. ರಮಾಬಾಯಿ ಆಗ ಹೀಬ್ರೂ, ಗ್ರೀಕ್ ಮೂಲದಿಂದ ಬೈಬಲನ್ನು ಮರಾಠಿಗೆ ತರುವ ಕೆಲಸದಲ್ಲಿದ್ದರು. ಓದು ಕಲಿತ ಹಳ್ಳಿಯ ಹೆಂಗಸಿಗೂ ತಾನೇ ಓದಿಕೊಳ್ಳಲು ಬರಬೇಕು ಎಂಬುದು ಅವರು ಆ ಭಾಷೆಗೆ ಇಟ್ಟುಕೊಂಡ ಅಳತೆ. ಮಗಳನ್ನು ಕಳೆದುಕೊಂಡ ಮೇಲೂ ಮೇಜು ಬಿಡಲಿಲ್ಲ. ಕೆಲಸ ಮುಗಿಸಿ 1922ರ ಏಪ್ರಿಲ್ 5ರಂದು ತೀರಿಕೊಂಡರು. ಆ ಪುಟಗಳಿಗೆ ಮೊಳೆ ಜೋಡಿಸಿ ಅಚ್ಚು ಹಾಕಿದ್ದು ಮುಕ್ತಿಯ ಹೆಂಗಸರೇ.